ತೋರಿಸುವುದಿಲ್ಲವೆಂದ ಚಿತ್ರ

ಯಾರಿಗೂ ತೋರಿಸುವುದಿಲ್ಲವೆಂದು ನಿನಗೆ ಮಾತು ಕೊಟ್ಟು, ಆ ಚಿತ್ರವನ್ನು ನಾನು ಚಳ್ಳಕೆರೆಯ ಸಾಹಿತ್ಯ-ಕಲಾ ಉತ್ಸವದಲ್ಲಿ ತೂಗುಹಾಕಿದೆ. ಮರೆತು ಹಾಕಿದ್ದಲ್ಲ. ಮಾತು ನೆನಪಿದ್ದೂ ಹಾಕಿದೆ.

ಗಿರಿಜಾ — ಇದು ನಿನ್ನ ಹೆಸರಲ್ಲ — ಆರು ವರ್ಷಗಳ ಹಿಂದೆ ಆ ದಿನ ನೀನು ನಿಮ್ಮ ಹಟ್ಟಿಯ ಹೊರಗೆ, ಮುಟ್ಟಾದವರನ್ನು ಇರಿಸುವ ಗುಡಿಸಲಿನ ಮುಂದೆ ಕುಳಿತಿದ್ದೆ. ನಿನ್ನ ಅತ್ತೆ ದೂರದಲ್ಲಿ ಊಟದ ತಟ್ಟೆಯಿಟ್ಟು ಹಿಂದಿರುಗುತ್ತಿದ್ದರು. ನಾನು ಕ್ಯಾಮೆರಾ ಎತ್ತಿದೆ. ನೀನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

“ಯಾರಿಗೂ ತೋರಿಸ್ಬ್ಯಾಡ್ರಿ ಅಕ್ಕ. ಮುಂದಿನ ತಿಂಗ್ಳಿಂದ ಮನೆ ಕಟ್ಟೆ ಮ್ಯಾಲೇ ಮಲಗಾಕೆ ಅತ್ತೆ ಒಪ್ಪ್ಯಾಳೆ. ಒಂದ್ ವರ್ಷ ಕಾಡಿ ಒಪ್ಸಿದೀನಿ. ಗಲಾಟೆ ಆದ್ರೆ ಎಲ್ಲಾ ಕೆಡ್ತೈತೆ.”

ಒಂದು ವರ್ಷ! ನಾನು ಭಾಷಣಗಳಲ್ಲಿ ಬೇಡುತ್ತಿದ್ದ ಬದಲಾವಣೆಯನ್ನು ನೀನು ಸದ್ದಿಲ್ಲದೆ ಗಳಿಸಿಕೊಂಡಿದ್ದೆ. ನನಗದು ಸಾಲಲಿಲ್ಲ. ಅನಿಷ್ಟವನ್ನು ಹೆಸರು ಹಿಡಿದು ಬಯಲಿಗೆಳೆಯಬೇಕು — ಜಾಗೃತಿ ಶಿಬಿರಗಳಲ್ಲಿ ನಾನು ಕಲಿತದ್ದೂ, ಕಲಿಸಿದ್ದೂ ಅದೇ. ಮುಖ ಕಾಣುತ್ತಿಲ್ಲವಲ್ಲ, ಎಂದುಕೊಂಡೆ. ನಿಜ ಹೇಳಬೇಕೆಂದರೆ… ನಾನು ತೆಗೆದವುಗಳಲ್ಲೆಲ್ಲ ಅದೇ ಒಳ್ಳೆಯ ಚಿತ್ರವಾಗಿತ್ತು.

ಅದೇ ತಿಂಗಳು ನಡೆದ ಉತ್ಸವದಲ್ಲಿ ಜನ ಅದರ ಮುಂದೆ ಗುಂಪುಗೂಡಿದರು. ಕವಿಯೊಬ್ಬರು ಕಣ್ಣೊರೆಸಿಕೊಂಡರು. ನನಗೆ ಶಾಲು ಹೊದಿಸಿದರು. ಅದೇ ಆವರಣದಲ್ಲಿ ಕಂಬಳಿ ಮಾರಲು ಕುಳಿತಿದ್ದ ನಿನ್ನ ಅತ್ತೆಯ ತಮ್ಮ, ಗುಡಿಸಲಿನ ಬಾಗಿಲಿಗೆ ಇಳಿಬಿಟ್ಟಿದ್ದ ಕೌದಿಯನ್ನು — ತಮ್ಮ ಅಕ್ಕ ಹೊಲಿದದ್ದನ್ನು — ಕಂಡೊಡನೆ ಗುರುತಿಸಿ, ಹಟ್ಟಿಗೆ ಸುದ್ದಿ ಒಯ್ದರು.

ಮುಂದಿನ ತಿಂಗಳು ನಾನು ಹಟ್ಟಿಗೆ ಬಂದಾಗ ನಿನ್ನ ಅತ್ತೆ ಕಟ್ಟೆಯಿಂದ ಏಳಲೂ ಇಲ್ಲ.

“ಏನಮ್ಮಾ, ಪ್ಯಾಟೆ ಜನಕ್ಕೆ ನಮ್ಮನೆ ಮಾನ ನೇತಾಕಿ ಶಾಲು ಹೊದ್ಕಂಡ್ ಬಂದ್ಯಾ? ಈಗ ಅವಳನ್ನ ಕರ್ಕಂಡ್ರೆ, ಪ್ಯಾಟೆಯೋರಿಗೆ ಹೆದರಿ ಕರ್ಕಂಡ್ಳು ಅಂತಾರೆ. ಅವಳು ಅಲ್ಲೇ ಇರ್ಲಿ.”

ಗುಡಿಸಲಿನ ಬಳಿ ಬಂದೆ. ನೀನು ಬೈಯಲಿಲ್ಲ.

“ಅತ್ತೇನ ಇನ್ನ ಮೊದ್ಲಿಂದ ಕೇಳ್ಬೇಕು, ಅಕ್ಕ” ಎಂದೆ. ಅಷ್ಟೆ.

ಈ ವರ್ಷದ ಉತ್ಸವಕ್ಕೂ ಹೋಗಿದ್ದೆ. ಆ ಚಿತ್ರವನ್ನು ಮತ್ತೆ ಕೇಳಿದರು, ಕೊಡಲಿಲ್ಲ. ಕಾರಣ ಹೇಳಲು ವೇದಿಕೆಗೆ ಹೊರಟವಳು ನಡುವೆಯೇ ನಿಂತೆ — ನಿನ್ನನ್ನು ಕೇಳದೆ ಮತ್ತೆ ನಿನ್ನ ಬದುಕನ್ನು ಅವರ ಮುಂದೆ ಹರಡಲು ಹೊರಟಿದ್ದೆನಲ್ಲ… ಆರು ವರ್ಷಗಳಲ್ಲಿ ನಾನು ಕಲಿತದ್ದೇನು?

ಆದ್ದರಿಂದ ಈ ಬರಹವನ್ನು ಮೊದಲು ನಿನ್ನ ಬಳಿಗೆ ತಂದು ಓದಿದೆ. ನೀನು ಕೊನೆಯವರೆಗೂ ಕೇಳಿಸಿಕೊಂಡೆ. “ಹಟ್ಟಿ ಹೆಸ್ರು ಬ್ಯಾಡ. ಉಳಿದದ್ದು ಹಾಕ್ರಿ” ಎಂದೆ. ಕ್ಷಮಿಸಿದ್ದೇನೆ ಎನ್ನಲಿಲ್ಲ, ನಾನೂ ಕೇಳಲಿಲ್ಲ. ಆರು ವರ್ಷಗಳ ನಂತರವೂ ನಾವು ಮಾತನಾಡಿದ್ದು ಆ ಗುಡಿಸಲಿನ ಮುಂದೆಯೇ.