ಬದುವಿನ ಮೇಲೆ ಕೂತವರು

ನಾವು ಚಿಕ್ಕವರಿದ್ದಾಗ ಪಾವಗಡದ ಕಡೆ ಕಡಲೆಕಾಯಿ ಕೀಳುವ ಕಾಲ ಬಂತೆಂದರೆ ಸ್ಕೂಲಿಗೆ ಚಕ್ಕರ್. ಹಸಿ ಮಣ್ಣಿನ ವಾಸನೆ, ಎಳೆ ಕಾಯಿ ತಿಂದು ತಿಂದು ಹೊಟ್ಟೆನೋವು, ಗಿಡದ ಗುಡ್ಡೆಗಳ ಹಿಂದೆ ಕಣ್ಣಾಮುಚ್ಚಾಲೆ. ಬಾಯಾರಿದಾಗ ಮಾತ್ರ ಆಟ ನಿಲ್ಲುತ್ತಿತ್ತು. ನಮ್ಮ ಕೇರಿಯವರು ಬಗ್ಗಿ ಬೊಗಸೆ ಒಡ್ಡಬೇಕು, ಹೊಲದ ಯಜಮಾನರ ಮನೆಯವರು ಮೇಲಿಂದ ನೀರು ಸುರಿಯಬೇಕು. ತಂಬಿಗೆ ನಮ್ಮ ಕೈಗೆ ತಾಕಬಾರದು. ಅರ್ಧ ನೀರು ಲಂಗಕ್ಕೇ ಹೋಗುತ್ತಿತ್ತು, ಥೂ!

ನಮ್ಮ ದೊಡ್ಡಮ್ಮ ಹನುಮಕ್ಕನೂ ಅಲ್ಲೇ ಕೂಲಿ. ಮಧುಗಿರಿಯಲ್ಲಿ ಕೂಲಿಕಾರರ ಸಭೆಗಳಿಗೆ ಹೋಗಿ ಬರುತ್ತಿದ್ದವಳು. ಒಂದು ವರ್ಷ, ಒಂದು ಮಧ್ಯಾಹ್ನ ಅವಳು ಬೊಗಸೆ ಒಡ್ಡಲಿಲ್ಲ.

"ಲೋಟದಾಗೆ ಕೊಡಿ ಸಾಮಿ. ನಾವೂ ಮನುಸ್ರೇ."

"ಯಾರೇ ನಿನ್ ತಲೆ ಕೆಡ್ಸಿದ್ದು? ಬೇಕಾದ್ರೆ ಕುಡಿ, ಇಲ್ದಿದ್ರೆ ಬುಡು," ಅಂದರು ಯಜಮಾನರು.

ದೊಡ್ಡಮ್ಮ ಹೋಗಿ ಬದುವಿನ ಮೇಲೆ ಕೂತುಬಿಟ್ಟಳು. ಜೊತೆಗೆ ಯಾರೂ ಕೂರದಿದ್ದರೆ ಅವಳ ಕತೆ ಮುಗಿಯಿತು ಅಂತ ಮಕ್ಕಳಿಗೂ ಗೊತ್ತಿತ್ತು. ಮೊದಲು ಅಮ್ಮ ಹೋಗಿ ಕೂತಳು. ಆಮೇಲೆ ಸೆರಗು ಕೊಡವಿಕೊಂಡು ಒಬ್ಬೊಬ್ಬರೇ. ಪಡುವಣದಲ್ಲಿ ಮೋಡ ಕಪ್ಪಗೆ ಕಟ್ಟುತ್ತಿತ್ತು. ಮಳೆ ಬಿದ್ದರೆ ಬಲಿತ ಕಾಯಿ ನೆಲದಲ್ಲೇ ಮೊಳೆಯುತ್ತದೆ. ಯಜಮಾನರು ಮೋಡ ನೋಡಿದರು, ನಮ್ಮನ್ನು ನೋಡಿದರು, ಲೋಟ ತರಿಸಿದರು. ಅದೊಂದೇ ಸ್ಟೀಲ್ ಲೋಟದಲ್ಲಿ ಎಲ್ಲರೂ ಕುಡಿದರು.

"ಕುಡುದ್ರಾ? ಲೋಟ ನೀವೇ ಮಡಿಕಳ್ಳಿ," ಅಂದರು ಯಜಮಾನರು, ಮೆತ್ತಗೆ. ಬೈದಿದ್ದರೆ ವಾಸಿಯಿತ್ತು. ಮೆತ್ತಗೆ ಮಾತಾಡುವವರು ಒಳಗೊಳಗೇ ಕತ್ತಿ ಮಸೆಯುತ್ತಿರುತ್ತಾರೆ.

ಮಾರನೇ ದಿನ ಕೇರಿಯ ನಲ್ಲಿ ಬಂದ್ ಆಯಿತು. ಬೋರಿನ ಸ್ವಿಚ್ಚು ಯಜಮಾನರ ತೋಟದಲ್ಲಿತ್ತು. ಅಂಗಡಿಯವನು ಉಪ್ಪು ಕೂಡ ಕೊಡಲಿಲ್ಲ. ದಿನಾ ಸಂಜೆ ಅವರ ಕಡೆಯ ಇಬ್ಬರು ಗಂಡಸರು ಬೈಕಿನಲ್ಲಿ ಬಂದು ದೊಡ್ಡಮ್ಮನ ಮನೆ ಮುಂದೆ ಇಂಜಿನ್ ಆರಿಸದೆ ನಿಲ್ಲುತ್ತಿದ್ದರು. ಆ ಸದ್ದು ಕೇಳಿದರೆ ಸಾಕು, ಕೇರಿಯ ಹೆಂಗಸರು ಬಂದು ಅವಳ ಜಗಲಿಯ ಮೇಲೆ ಒತ್ತೊತ್ತಾಗಿ ಕೂರುತ್ತಿದ್ದರು. ನಾಲಿಗೆ ಒಣಗಿದರೂ ಒಬ್ಬಳಾದರೂ ದೊಡ್ಡಮ್ಮನನ್ನು ಬೈಯಲಿಲ್ಲ. ತಾಲ್ಲೂಕಾಫೀಸಿನವರು ಬಂದು ನೀರು ಬಿಡಿಸುವವರೆಗೂ ಕೂತರು.

ಈಗ ಆ ಹೊಲದ ತುಂಬ ಸೋಲಾರ್ ಪ್ಲೇಟುಗಳು. ದೊಡ್ಡಮ್ಮ ಇಲ್ಲ, ಲೋಟ ನನ್ನ ಮನೆಯಲ್ಲಿದೆ. ನಮ್ಮ ಹೆಂಗಸರು ಪ್ಲೇಟುಗಳ ಕೆಳಗೆ ಕಳೆ ಕೀಳುತ್ತಾರೆ, ಎಲ್ಲರ ಹತ್ತಿರವೂ ಅವರವರ ನೀರಿನ ಬಾಟಲಿ. ಯಾರಿಗೂ ಬೊಗಸೆ ಒಡ್ಡಬೇಕಿಲ್ಲ, ಸಂತೋಷವೇ. ಹೋದ ತಿಂಗಳು ಮೇಸ್ತ್ರಿ ಜಾತಿ ಹಿಡಿದು ಬೈದನೆಂದು ನನ್ನ ತಂಗಿ ರತ್ನ ಕೆಲಸ ಬಿಟ್ಟು ನೆಲದ ಮೇಲೆ ಕೂತಳಂತೆ.

"ಜೊತೆಗೆ ಯಾರ್ಯಾರು ಕೂತ್ರೇ?" ಅಂತ ಕೇಳಿದೆ.

"ಎಲ್ರೂ ನೋಡುದ್ರು ಕಣಕ್ಕ," ಅಂದಳು. "ಸಂಜೆಗಂಟ ಒಬ್ಳೇ ಕೂತಿದ್ದೆ."