ಏರು ಅತ್ತೆಗೆ, ಸಮ ಗಾಡಿಗೆ

ಕೊಡಗಿನ ಬಿಟ್ಟಂಗಾಲದ ದಮಯಂತಿಯ ಕೈಚೀಲದಲ್ಲಿ ಯಾವಾಗಲೂ ಒಂದು ನಿಂಬೆಹಣ್ಣು ಇರುತ್ತದೆ. ಅದು ಪಾನಕಕ್ಕಲ್ಲ, ದೃಷ್ಟಿ ತೆಗೆಯಲಿಕ್ಕೂ ಅಲ್ಲ. ನೆಲ ಸಮವಾಗಿದೆಯೇ ಎಂದು ನೋಡಲಿಕ್ಕೆ. ಹಣ್ಣನ್ನು ದಾರಿಯ ಮಧ್ಯೆ ಇಟ್ಟು ಕೈ ಬಿಡುತ್ತಾಳೆ. ಅದು ಕೂತಲ್ಲೇ ಕೂತರೆ ಅವಳ ಗಾಡಿ ಅಲ್ಲಿ ಹೋಗುತ್ತದೆ. ಉರುಳಿದರೆ, ಎಷ್ಟು ಬೇಗ ಉರುಳಿತು ಎಂದು ನೋಡಿ ತೀರ್ಮಾನ ಹೇಳುತ್ತಾಳೆ.

ಅವಳು ಬಾಡಿಗೆಗೆ ಕೊಡುವುದು ಬ್ಯಾಟರಿ ಗಾಡಿ. ನಾಲ್ಕು ಸಣ್ಣ ಚಕ್ರ, ಒಂದು ಕುರ್ಚಿ, ಮುಂದೆ ಹ್ಯಾಂಡಲ್, ಅದರ ಕೆಳಗೆ ಬುಟ್ಟಿ. ಬಲಗೈ ಹೆಬ್ಬೆರಳಿನಿಂದ ಒತ್ತಿದರೆ ಮುಂದೆ ಹೋಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ಎದ್ದು ನಿಲ್ಲಬಲ್ಲ, ನಾಲ್ಕು ಹೆಜ್ಜೆ ಇಡಬಲ್ಲ, ಆದರೆ ದೂರ ನಡೆಯಲಾಗದ ಜನರಿಗೆಂದು ಮಾಡಿದ ಗಾಡಿ ಇದು. ಬಿಡಿಸಿದರೆ ಕಾರಿನ ಡಿಕ್ಕಿಯೊಳಗೆ ಕೂರುತ್ತದೆ. ಅವಳಲ್ಲಿ ಕೆಂಪು ಬಣ್ಣದ್ದು ಒಂದು, ನೀಲಿಯವು ಎರಡು ಇವೆ. ಹೋಂಸ್ಟೇಗೆ ಬರುವ ಬಯಲುಸೀಮೆಯ ಕುಟುಂಬಗಳು ತಮ್ಮ ಹಿರಿಯರಿಗಾಗಿ ಒಯ್ಯುತ್ತವೆ. ರಜೆ ಬಂದರೆ ಕೊಡಗಿನವರೇ ಒಯ್ಯುತ್ತಾರೆ. ಮೈಸೂರಿನ ಕಡೆಯ ಅಮ್ಯೂಸ್‌ಮೆಂಟ್ ಪಾರ್ಕಿಗೆ ಮಕ್ಕಳೊಂದಿಗೆ ಹೊರಟಾಗ ಅಜ್ಜ ಅಜ್ಜಿಯನ್ನೂ ಕರೆದುಕೊಂಡು ಹೋಗಲಿಕ್ಕೆ.

ಈ ಕಸುಬು ಶುರುವಾದದ್ದು ಒಂದು ಬೆಂಚಿನಿಂದ. ಆ ಬೆಂಚಿನ ಮೇಲೆ ಕೂತವರು ಅವಳ ಅತ್ತೆ ವನಜಮ್ಮ.

ವನಜಮ್ಮನಿಗೆ ಎಪ್ಪತ್ತು ದಾಟಿದೆ. ಅವರ ಕಾಯಿಲೆ ನೋಡುವವರಿಗೆ ವಿಚಿತ್ರವಾಗಿ ಕಾಣುತ್ತದೆ. ಮನೆಯ ಹಿಂದಿನ ಕಾಫಿ ತೋಟದ ಏರನ್ನು ಮುಂದಕ್ಕೆ ಬಾಗಿ ನಿಧಾನವಾಗಿ ಹತ್ತುತ್ತಾರೆ, ಏನೂ ಆಗುವುದಿಲ್ಲ. ಸಮ ರಸ್ತೆಯಲ್ಲಿ ನೆಟ್ಟಗೆ ನಡೆದರೆ ಬಸ್ ಸ್ಟಾಪಿನಿಂದ ಅಂಗಡಿ ತಲುಪುವುದರೊಳಗೆ ಕಾಲು ಜೋಮು ಹಿಡಿದು ಉರಿಯುತ್ತದೆ. ಸ್ವಲ್ಪ ಕೂತು ಬಾಗಿದರೆ ಉರಿ ಇಳಿಯುತ್ತದೆ. ವಿರಾಜಪೇಟೆಯ ಡಾಕ್ಟರು ಚಿತ್ರ ಬರೆದು ತೋರಿಸಿದರು. ಸೊಂಟದ ಮೂಳೆಯೊಳಗೆ ನರ ಹೋಗುವ ದಾರಿ ಕಿರಿದಾಗಿದೆ. ಬಾಗಿದಾಗ ದಾರಿ ತುಸು ಅಗಲವಾಗುತ್ತದೆ, ನೆಟ್ಟಗಾದಾಗ ನರವನ್ನು ಅದುಮುತ್ತದೆ. ಏರು ಹತ್ತುವಾಗ ಮನುಷ್ಯ ತಾನಾಗಿ ಬಾಗುತ್ತಾನೆ, ಅಷ್ಟೇ.

ದಮಯಂತಿಗೆ ಇದು ಅರ್ಥವಾಯಿತು. ಪಕ್ಕದ ಮನೆಯ ರಾಮಮ್ಮನಿಗೆ ಆಗಲಿಲ್ಲ. ರಾಮಮ್ಮ ವನಜಮ್ಮನ ಓರಗಿತ್ತಿ, ಗಂಡನ ತಮ್ಮನ ಹೆಂಡತಿ. ಬಾಯಿ ಜೋರು, ಮನಸ್ಸು ಅಷ್ಟು ಕೆಟ್ಟದ್ದಲ್ಲ.

"ಗುಡ್ಡ ಹತ್ತಲಿಕ್ಕೆ ಕಾಲು ಉಟ್ಟು, ಪೇಟೆಗೆ ಹೋಗಲಿಕ್ಕೆ ಕಾಲು ಇಲ್ಲೆ" ಎಂದು ಅವಳು ಬೇಲಿಯಾಚೆಯಿಂದ ಹೇಳುತ್ತಿದ್ದಳು. "ಎಂತ ಕಾಲು ಅಕ್ಕ ನಿಂದು, ಜಾಗ ನೋಡಿ ನೋಯುದು!"

ಮಾತು ವನಜಮ್ಮನ ಒಳಗೆ ಕೂತಿತು. ಜನರ ಮುಂದೆ ಕಾಲು ನೋವು ಎನ್ನುವುದನ್ನೇ ಬಿಟ್ಟರು.

ಹೋದ ದಸರಾ ರಜೆಯಲ್ಲಿ ಎರಡೂ ಮನೆಯವರು ಒಂದು ವ್ಯಾನಿನಲ್ಲಿ ಮೈಸೂರಿನ ಆ ಪಾರ್ಕಿಗೆ ಹೋಗಿದ್ದರು. ಗೇಟಿನ ಒಳಗೆ ಒಂದು ಬೆಂಚಿತ್ತು. ವನಜಮ್ಮ ಅದರ ಮೇಲೆ ಕೂತು, "ಚೀಲ, ಚಪ್ಪಲಿ ಎಲ್ಲ ಇಲ್ಲಿಡಿ, ನಾ ನೋಡ್ಕೊಳ್ತೇನೆ" ಎಂದರು. ಎಲ್ಲರಿಗೂ ಅನುಕೂಲವೇ ಆಯಿತು. ಬೆಳಗ್ಗೆ ಕೂತವರು ಸಂಜೆ ಎದ್ದರು. ವಾಪಸು ಬರುವಾಗ ದಮಯಂತಿಯ ಮಗಳು ಮೋಕ್ಷಿತಾ, ಆಗ ಒಂಬತ್ತು ವರ್ಷದವಳು, ಅಜ್ಜಿಯನ್ನು ಕೇಳಿದಳು:

"ಅಜ್ಜಿ, ನೀವು ಎಂತೆಲ್ಲ ನೋಡಿದ್ರಿ?"

"ಚಪ್ಪಲಿ" ಎಂದರು ವನಜಮ್ಮ. "ತುಂಬ ಚಪ್ಪಲಿ ನೋಡ್ದೆ."

ವ್ಯಾನಿನಲ್ಲಿ ಎಲ್ಲರೂ ನಕ್ಕರು. ದಮಯಂತಿ ನಗಲಿಲ್ಲ. ಅವಳು ಆಗ ವಿರಾಜಪೇಟೆಯಲ್ಲಿ ಊರುಗೋಲು, ಗಾಲಿಕುರ್ಚಿ ಮಾರುವ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅಲ್ಲಿ ಒಂದು ಕೆಂಪು ಬ್ಯಾಟರಿ ಗಾಡಿ ಯಾರೂ ಕೊಳ್ಳದೆ ಪರದೆಯ ಹಿಂದೆ ನಿಂತಿತ್ತು. ಅದನ್ನು ತಾನೇ ಕೊಂಡು ಮನೆಗೆ ತಂದಳು. ಅತ್ತೆ ನೋಡಿ, "ನಂಗೆ ಬೊತ್ತು" ಎಂದುಬಿಟ್ಟರು. ಬೇಡವೆಂದರೆ ಬೇಡವೇ. ಗಾಡಿ ಸುಮ್ಮನೆ ನಿಲ್ಲುವುದು ಯಾಕೆಂದು ಒಂದು ಹೋಂಸ್ಟೇಗೆ ಬಾಡಿಗೆಗೆ ಕೊಟ್ಟಳು. ಹಾಗೆ ಅತ್ತೆಗೆಂದು ತಂದ ಗಾಡಿ ಊರಿನವರ ಅತ್ತೆಯರನ್ನೆಲ್ಲ ಹೊತ್ತು ತಿರುಗತೊಡಗಿತು.

ಮೊದಲ ಗಿರಾಕಿಯಲ್ಲೇ ಒಂದು ಎಡವಟ್ಟಾಯಿತು. ಮಂಡ್ಯ ಕಡೆಯ ಒಬ್ಬರು ತಮ್ಮ ತಾಯಿಗೆಂದು ಗಾಡಿ ಕೇಳಿ, "ಹೋಂಸ್ಟೇಯಿಂದ ಹೊಳೆಯವರೆಗೆ ದಾರಿ ಸಮ ಇದ್ಯಾಮ್ಮ?" ಎಂದರು.

"ಪೂರಾ ಸಮ ಸರ್" ಎಂದಳು ದಮಯಂತಿ.

ಅರ್ಧ ದಾರಿಯಲ್ಲಿ ಗಾಡಿ ಕೀಂ ಕೀಂ ಎಂದು ನಿಂತಿತು. ಆ ಮನುಷ್ಯ ಹಿಂದಿನಿಂದ ತಳ್ಳಿದರು, ಅವರ ಹೆಂಡತಿ ತಳ್ಳಿದರು, ಫೋನ್ ಬಂದ ಮೇಲೆ ದಮಯಂತಿ ಓಡಿಹೋಗಿ ತಳ್ಳಿದಳು. ಮುದುಕಿ ಮಾತ್ರ ಮೇಲೆ ಕೂತು, "ಎಡಕ್ಕೆ, ಎಡಕ್ಕೆ!" ಎಂದು ಖುಷಿಯಾಗಿ ಕೂಗುತ್ತಿದ್ದರು.

"ಇದು ಸಮನಾಮ್ಮ?" ಎಂದರು ಅವರು ಬೆವರು ಒರೆಸಿಕೊಳ್ಳುತ್ತ.

"ನಮ್ಮಲ್ಲಿಗೆ ಇದು ಸಮವೇ ಸರ್."

ಅವಳು ಸುಳ್ಳು ಹೇಳಿರಲಿಲ್ಲ. ಕೊಡಗಿನಲ್ಲಿ ಹುಟ್ಟಿದವರಿಗೆ ಉಸಿರು ಮೇಲೆ ಬರದ ದಾರಿಯೆಲ್ಲ ಸಮವೇ. ಗಾಡಿ ಮಾಡಿದವರು ಮಾತ್ರ ಬೇರೆ ನೆಲದವರು. ಅವತ್ತಿನಿಂದ ಅವಳು ತನ್ನ ಕಾಲನ್ನು ನಂಬುವುದು ಬಿಟ್ಟು ನಿಂಬೆಹಣ್ಣನ್ನು ನಂಬಿದಳು.

ಈ ದಸರಾ ಹತ್ತಿರ ಬಂದಾಗ ಮತ್ತೆ ಎರಡೂ ಮನೆಯವರು ಪಾರ್ಕಿಗೆ ಹೊರಡುವ ಮಾತಾಯಿತು. ಮೋಕ್ಷಿತಾ ಒಂದು ವರ್ಷದಲ್ಲಿ ಉದ್ದವಾಗಿದ್ದಳು. ಅಲ್ಲಿನ ಎತ್ತರದ ನೀರಿನ ಜಾರುಬಂಡಿಗೆ ಈ ಸಲ ಅವಳನ್ನು ಬಿಡುತ್ತಾರೆ. ಹೋದ ವರ್ಷ ಅಳತೆ ಪಟ್ಟಿಗಿಂತ ಕಡಿಮೆಯೆಂದು ವಾಪಸು ಕಳಿಸಿದ್ದಾಗ ಬೆಂಚಿಗೆ ಓಡಿಬಂದು ಅಜ್ಜಿಯ ಸೆರಗಿನಲ್ಲೇ ಅತ್ತಿದ್ದಳು.

"ಅಜ್ಜಿ ನೋಡಿದ್ರೆ ಮಾತ್ರ ನಾ ಜಾರುದು" ಎಂದಳು.

ಜಾರುಬಂಡಿ ಇರುವುದು ಪಾರ್ಕಿನ ಆಚೆ ಕೊನೆಯಲ್ಲಿ. ದಮಯಂತಿ ಆ ದಿನಕ್ಕೆ ಕೆಂಪು ಗಾಡಿಯನ್ನು ಯಾರಿಗೂ ಕೊಡದೆ ಇಟ್ಟುಕೊಂಡಳು. ವನಜಮ್ಮನಿಗೆ ಗೊತ್ತಾಯಿತು.

"ಬೇರೆಯವಕ್ಕೆ ಕೊಡು. ನಾ ಅದರಲ್ಲಿ ಕೂತರೆ ರಾಮಮ್ಮ ಎಂತ ಹೇಳ್ತಾಳೆ ಅಂತ ನಂಗೆ ಗೊತ್ತುಟ್ಟು."

"ಹೇಳ್ಲಿ ಅತ್ತೆ."

"ನಿಂಗೆ ಸುಲಭ. ಬೇಲಿ ಹತ್ತಿರ ಬಟ್ಟೆ ಒಣಗ್ಸುದು ನಾನು."

ಆಯುಧಪೂಜೆ ಬಂತು. ಆ ಮನೆಯಲ್ಲಿ ಒಂದು ಕ್ರಮ ಉಂಟು: ಪೂಜೆಯಾದ ಮೇಲೆ ಪ್ರತಿ ಗಾಡಿಯನ್ನೂ ಮೊದಲು ನಡೆಸುವುದು ಮನೆಯ ಹಿರಿಯರು. ಡ್ರೈವಿಂಗ್ ಬಾರದಿದ್ದರೂ ಪಿಕಪ್ಪಿನ ಸ್ಟೇರಿಂಗ್ ಹಿಡಿದು ವನಜಮ್ಮನೇ ಕೂರುತ್ತಾರೆ, ಮಗ ಶಶಿಧರ, ದಮಯಂತಿಯ ಗಂಡ, ಹಿಂದಿನಿಂದ ತಳ್ಳಿ ನಿಂಬೆಹಣ್ಣಿನ ಮೇಲೆ ಹತ್ತಿಸುತ್ತಾನೆ. ಕಾಫಿ ಒಣಗಿಸುವ ಕಣದಲ್ಲಿ ಪಿಕಪ್ಪು, ಔಷಧಿ ಹೊಡೆಯುವ ಪಂಪು, ಕಳೆ ತೆಗೆಯುವ ಮೆಷಿನ್, ಕತ್ತಿ, ಕೋವಿ ಎಲ್ಲ ತೊಳೆದು ಸಾಲಾಗಿ ಇಟ್ಟಿದ್ದರು. ಕೊನೆಯಲ್ಲಿ ಚೆಂಡುಹೂವು ಮುಡಿದು ಮೂರು ಬ್ಯಾಟರಿ ಗಾಡಿಗಳು. ಅವಕ್ಕೆ ಇದು ಮೊದಲ ಪೂಜೆ.

ಪಿಕಪ್ಪಿನ ಕೆಲಸ ಮುಗಿಸಿ ವನಜಮ್ಮ ಒಳಗೆ ಹೊರಟರು.

"ಎಲ್ಲಿಗೆ ಹೊರಟದ್ದಕ್ಕ?" ಆರತಿ ತಟ್ಟೆ ಹಿಡಿದಿದ್ದ ರಾಮಮ್ಮನೇ ತಡೆದಳು. "ಇವು ಮೂರು ಗಾಡಿ ಅಲ್ವಾ? ಹಿರಿಯರು ಕೂರದಿದ್ರೆ ಪೂಜೆ ಆದ ಹಾಗೆ ಆಗುದಿಲ್ಲೆ."

ಕ್ರಮಕ್ಕೆ ಎದುರು ಮಾತಿಲ್ಲ. ವನಜಮ್ಮ ಕೆಂಪು ಗಾಡಿಯಲ್ಲಿ ಕೂತು ಹೆಬ್ಬೆರಳು ಒತ್ತಿದರು. ಗಾಡಿ ಮುಂದೆ ಬಂದು ನಿಂಬೆಹಣ್ಣಿಗೆ ತಾಗಿ ನಿಂತುಬಿಟ್ಟಿತು.

"ನಿಂಬೆಹಣ್ಣನ್ನೇ ಹತ್ತದ ಗಾಡಿ!" ಎಂದು ಶಶಿಧರ ನಕ್ಕ. "ದಮಯಂತಿ, ಇದರಲ್ಲಿ ನೀ ಊರವರನ್ನು ಮೈಸೂರಿಗೆ ಕಳಿಸುದಾ?"

ವನಜಮ್ಮನಿಗೆ ಛಲ ಬಂತು. ಹಿಂದಕ್ಕೆ ಹೋಗುವುದು ಹೇಗೆಂದು ಸೊಸೆಯನ್ನು ಕೇಳಿದರು, ಹಿಂದೆ ಸರಿದರು, ಒತ್ತಿಕೊಂಡು ಬಂದರು. ನಿಂಬೆಹಣ್ಣು ಪಚಕ್ಕೆಂದಿತು. ಗಾಡಿ ಮಾತ್ರ ನಿಲ್ಲಲಿಲ್ಲ. ಕಣದ ಆ ಮೂಲೆಗೆ ಹೋಯಿತು, ತಿರುಗಿತು, ಗೋಡೆಯ ಪಕ್ಕದಲ್ಲಿ ಈ ಮೂಲೆಗೆ ಬಂತು. ಕಾಫಿ ಒಂದೇ ಹದಕ್ಕೆ ಒಣಗಬೇಕೆಂದು ಕಣವನ್ನು ಸಮ ಮಾಡಿರುತ್ತಾರೆ. ಅವರ ಜಾಗದಲ್ಲಿ ಅಷ್ಟು ಒಳ್ಳೆಯ ಸಮ ನೆಲ ಬೇರೆ ಇಲ್ಲ. ಎರಡನೇ ಸುತ್ತಿನಲ್ಲಿ ವನಜಮ್ಮನ ಮುಖದಲ್ಲಿ ನಗು ಇತ್ತು. ರಾಮಮ್ಮ ನೋಡುತ್ತಿರುವುದು ಕಂಡ ಕೂಡಲೇ ಇಳಿದರು.

"ಪೂಜೆಗೆ ಕೂತದ್ದು" ಎಂದರು. "ಮೈಸೂರಿಗಲ್ಲ."

ಆದರೂ ಹೊರಡುವ ದಿನ ದಮಯಂತಿ ಕೆಂಪು ಗಾಡಿಯನ್ನು ಬಿಡಿಸಿ ವ್ಯಾನಿನ ಹಿಂದೆ ಹಾಕಿದಳು.

ಪಾರ್ಕಿನ ಗೇಟು ದಾಟಿದ್ದೇ ವನಜಮ್ಮ ನೇರವಾಗಿ ಅದೇ ಬೆಂಚಿಗೆ ಹೋಗಿ ಕೂತು ಎರಡೂ ಕೈ ಚಾಚಿದರು. "ತನ್ನಿ ಚೀಲ."

ಯಾರಾದರೂ ಕೊಡುವ ಮೊದಲೇ ಮೋಕ್ಷಿತಾ ಅಜ್ಜಿಯ ಪಕ್ಕ ಕೂತಳು.

"ನೀ ಎಂತ ಇಲ್ಲಿ? ಹೋಗು ಜಾರು."

"ಇಲ್ಲೆ ಅಜ್ಜಿ. ನಾನೂ ಚಪ್ಪಲಿ ನೋಡ್ತೇನೆ."

ಅಷ್ಟರಲ್ಲಿ ದಮಯಂತಿ ಗಾಡಿ ಜೋಡಿಸಿ, ಎಲ್ಲರ ಚೀಲಗಳನ್ನೂ ಅದರ ಬುಟ್ಟಿಗೆ, ಹ್ಯಾಂಡಲಿಗೆ, ಕುರ್ಚಿಯ ಹಿಂದಕ್ಕೆ ತೂಗುಹಾಕಿದ್ದಳು.

"ಚೀಲ ಎಲ್ಲ ಗಾಡಿಯಲ್ಲಿ ಹೋಗ್ತದೆ ಅತ್ತೆ. ಇನ್ನು ಇಲ್ಲಿ ಕಾಯಲಿಕ್ಕೆ ಎಂತ ಉಟ್ಟು?"

ವನಜಮ್ಮ ಮೊಮ್ಮಗಳನ್ನು ನೋಡಿದರು. ಎದ್ದರು, ರಾಮಮ್ಮನ ಕಡೆ ನೋಡದೆ ಗಾಡಿಯಲ್ಲಿ ಕೂತರು. "ಗುಡ್ಡ ಹತ್ತುವವರಿಗೆ ಗಾಡಿ!" ಎಂದು ಹಿಂದೆ ರಾಮಮ್ಮನ ದನಿ ಕೇಳಿತು. ವನಜಮ್ಮ ಹೆಬ್ಬೆರಳು ಒತ್ತಿದರು.

ಜಾರುಬಂಡಿ ಕಣ್ಣಿಗೆ ಕಾಣುವವರೆಗೆ ಎಲ್ಲವೂ ಚೆನ್ನಾಗಿತ್ತು. ಅಲ್ಲಿ ದಾರಿ ಒಂದು ದಿಬ್ಬ ಹತ್ತುತ್ತಿತ್ತು. ದಮಯಂತಿ ನಿಂಬೆಹಣ್ಣು ಇಟ್ಟಳು. ಅದು ಅವಳ ಕೈಯಿಂದ ಜಿಗಿದು ಉರುಳಿ, ಐಸ್‌ಕ್ರೀಮ್ ತಿನ್ನುತ್ತಿದ್ದ ಯಾರದೋ ಕಾಲಿಗೆ ಬಡಿದು ನಿಂತಿತು.

ದಮಯಂತಿಗೆ ನಾಚಿಕೆಯಾಯಿತು. ಹೋದ ವರ್ಷ ಇದೇ ದಾರಿಯಲ್ಲಿ ನಾಲ್ಕು ಸಲ ಓಡಾಡಿದ್ದಳು, ಏರು ಇದ್ದದ್ದೇ ನೆನಪಿರಲಿಲ್ಲ. ಎಲ್ಲರಿಗೂ ನಿಂಬೆಹಣ್ಣು ಇಟ್ಟು ನೋಡುವವಳು, ತನ್ನ ಮನೆಯವರ ವಿಷಯಕ್ಕೆ ಮತ್ತೆ ಕೊಡಗಿನ ಕಾಲನ್ನೇ ನಂಬಿ ಬಂದಿದ್ದಳು.

"ಅತ್ತೆ, ಗಾಡಿ ನಿಮ್ಮನ್ನು ಹೊತ್ತು ಇದನ್ನು ಹತ್ತುದಿಲ್ಲ" ಎಂದಳು ಸಣ್ಣ ದನಿಯಲ್ಲಿ.

"ಎಂತದನ್ನು ಹತ್ತುದಿಲ್ಲ?" ವನಜಮ್ಮ ಸುತ್ತ ನೋಡಿದರು. "ಇದನ್ನಾ? ಇದೊಂದು ಏರಾ?"

ಇಳಿದರು. ಕುರ್ಚಿಯ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೆ ಬಾಗಿದರು. "ನೀ ಒತ್ತು" ಎಂದರು ಸೊಸೆಗೆ. ದಮಯಂತಿ ಪಕ್ಕದಲ್ಲಿ ನಡೆಯುತ್ತ ಹೆಬ್ಬೆರಳು ಒತ್ತಿದಳು. ಚೀಲಗಳನ್ನಷ್ಟೇ ಹೊತ್ತ ಗಾಡಿ ಗುಂಯ್ ಎನ್ನುತ್ತ ಹತ್ತಿತು, ಅದರ ಹಿಂದೆ ವನಜಮ್ಮ ತೋಟಕ್ಕೆ ಹೋಗುವ ಹಾಗೆ ಹತ್ತಿದರು. ಎಲ್ಲೂ ನಿಲ್ಲಲಿಲ್ಲ. ಹಿಂದೆ ರಾಮಮ್ಮ ಕಂಬಿ ಹಿಡಿದು ಏದುಸಿರು ಬಿಡುತ್ತಿದ್ದಳು.

ಮೇಲೆ ತಲುಪಿದಾಗ, ಮುಂದೆ ಓಡಿದ್ದ ಮೋಕ್ಷಿತಾ ಆಗಲೇ ಜಾರುಬಂಡಿಯ ಮೆಟ್ಟಿಲಲ್ಲಿದ್ದಳು. ವನಜಮ್ಮ ಅವಸರದಲ್ಲಿ ಗಾಡಿಯನ್ನು ಮರೆತು ಸಮ ನೆಲದಲ್ಲಿ ನೆಟ್ಟಗೆ ನಡೆದೇಬಿಟ್ಟರು. ಸ್ವಲ್ಪ ದೂರದಲ್ಲೇ ಕಾಲು ಮರಗಟ್ಟಿತು. ಅವರು ತಡವರಿಸಿದಾಗ ಹಿಡಿದುಕೊಂಡವಳು ಆಗಷ್ಟೇ ಮೇಲೆ ಬಂದಿದ್ದ ರಾಮಮ್ಮ. ವನಜಮ್ಮನ ಇಡೀ ಭಾರ ಅವಳ ತೋಳಿನ ಮೇಲೆ ಬಿತ್ತು, ಅವರ ಮುಖ ಬಿಳಿಚಿತ್ತು.

"ಅಯ್ಯೋ" ಎಂದಳು ರಾಮಮ್ಮ. "ಇದು ನಿಜವಾ ಅಕ್ಕ?"

"ಅಲ್ಲ. ನಾಟಕ. ಟಿಕೆಟ್ ತಕೊಂಡು ಬಂದಿದ್ದೀಯಲ್ಲ, ನೋಡು."

ರಾಮಮ್ಮ ಅವರ ಕೈಯನ್ನು ಪಕ್ಕದ ಕಂಬಿಗೆ ಹಿಡಿಸಿ, ತಾನೇ ತಿರುಗಿ ಹೋಗಿ, ಒತ್ತಲು ಬಾರದೆ ದಮಯಂತಿಯಿಂದ ಬೈಸಿಕೊಂಡು, ಗಾಡಿಯನ್ನು ಅಡ್ಡಾದಿಡ್ಡಿ ತಂದು ಓರಗಿತ್ತಿಯ ಹಿಂದೆ ನಿಲ್ಲಿಸಿದಳು. ವನಜಮ್ಮ ಕೂತು ಮುಂದಕ್ಕೆ ಬಾಗಿದರು. ಉರಿ ಇಳಿಯಿತು. ಸರಿಯಾಗಿ ಆಗ ಮೇಲಿನಿಂದ "ಅಜ್ಜೀ!" ಎಂಬ ಕೂಗು ಬಂತು, ಕೂಗಿನ ಹಿಂದೆಯೇ ಮೋಕ್ಷಿತಾ ಬಂದಳು, ನೀರು ಇವರಿಬ್ಬರ ಮೇಲೂ ಹಾರಿತು.

ಆ ದಿನ ಅವರು ಪಾರ್ಕನ್ನು ಪೂರ್ತಿ ನೋಡಿದರು. ಸಮ ಬಂದಲ್ಲಿ ಗಾಡಿ, ಏರು ಬಂದಲ್ಲಿ ವನಜಮ್ಮ. ಇಳಿಜಾರಿನಲ್ಲಿ ಮತ್ತೆ ಗಾಡಿ, ನಿಧಾನವಾಗಿ. ಏರುಗಳಲ್ಲಿ "ಗಾಡಿ ಖಾಲಿ ಹೋಗ್ಬಾರ್ದಲ್ಲ" ಎಂದು ರಾಮಮ್ಮ ಕೂರಲು ನೋಡಿದಳು. ದಮಯಂತಿ ಬಿಡಲಿಲ್ಲ.

ಸಂಜೆ ವ್ಯಾನು ಹುಣಸೂರು ದಾಟುವಾಗ ಮೋಕ್ಷಿತಾ ಕೇಳಿದಳು:

"ಅಜ್ಜಿ, ಈ ಸಲ ಎಂತೆಲ್ಲ ನೋಡಿದ್ರಿ?"

"ಎಲ್ಲ ನೋಡ್ದೆ" ಎಂದರು ವನಜಮ್ಮ. "ಚಪ್ಪಲಿ ಒಂದು ಬಿಟ್ಟು."

ಹಿಂದಿನ ಸೀಟಿನಲ್ಲಿ ರಾಮಮ್ಮ ಬರಿಗಾಲನ್ನು ಸೀರೆಯೊಳಗೆ ಎಳೆದುಕೊಂಡಳು. ನೀರಿನ ಕೊಳದ ಹತ್ತಿರ ಬಿಟ್ಟಿದ್ದ ಅವಳ ಹೊಸ ಚಪ್ಪಲಿ ಯಾರ ಕಾಲಿಗೋ ಹೋಗಿತ್ತು. ಈ ವರ್ಷ ಕಾಯುವವರು ಇರಲಿಲ್ಲವಲ್ಲ.