ಏನೂ ಗೊತ್ತಿಲ್ಲದ ಹೆಂಡತಿ

ನಮ್ಮ ಪಕ್ಕದ ಮನೆಯಾಕೆ ಏನೂ ಗೊತ್ತಿಲ್ಲದವಳು. ಗಂಡ ತೀರಿಕೊಂಡ ಮೇಲೆ ಆತನ ಮೊದಲ ಹೆಂಡತಿ ಪ್ರತ್ಯಕ್ಷಳಾಗಿ ಮನೆ ತನ್ನದೆಂದು ದಾವೆ ಹೂಡಿದಳು; ಆ ಮದುವೆ ಮುರಿದೇ ಇರಲಿಲ್ಲವಂತೆ. “ಈ ವಿಷಯ ನಿಮಗೆ ಗೊತ್ತೇ ಇರಲಿಲ್ಲ ಅಂತ ಸಾಬೀತಾದ್ರೆ ಅರ್ಧ ಮನೆ ಉಳಿಯುತ್ತೆ ಕಣಮ್ಮಾ,” ಎಂದರು ವಕೀಲರು. ಗೊತ್ತಿರಲಿಲ್ಲ ಎಂಬುದು ನಿಜವೇ. ಆದರೆ ಈಕೆ ಅಷ್ಟಕ್ಕೇ ನಿಲ್ಲದೆ ಇದ್ದಬದ್ದ ತಿಳಿವಳಿಕೆಗೆಲ್ಲ ಬೀಗ ಜಡಿದಳು. ನಲ್ಲಿಯಲ್ಲಿ ನೀರು ಬಂತೇ ಎಂದರೆ “ನಂಗೇನ್ರೀ ಗೊತ್ತು?” ತರಕಾರಿಯವನು ಬದನೆಕಾಯಿ ತೋರಿಸಿದರೆ “ಇದೇನಪ್ಪಾ ಇದು?” ತನ್ನದೇ ಬೆಕ್ಕು ಕಾಲಿಗೆ ಸುತ್ತಿಕೊಂಡರೂ ಅದು ಯಾರದೆಂದು ವಿಚಾರಿಸುತ್ತಾಳೆ. ನ್ಯಾಯಾಧೀಶರು ವಯಸ್ಸು ಕೇಳಿದಾಗ ವಕೀಲರ ಮುಖ ನೋಡಿದಳು. ಮೊನ್ನೆ ಕೋರ್ಟಿನ ಜಗಲಿಯಲ್ಲಿ ಮೊದಲನೆಯವಳು ಪಕ್ಕಕ್ಕೆ ಬಂದು ಕುಳಿತು, “ಕೊನೇಲಿ ಅವರು ನನ್ನ ಹೆಸರೇನಾದ್ರೂ ಹೇಳಿದ್ರಾ?” ಎಂದಳು. ವಕೀಲರು ಜೋರಾಗಿ ಕೆಮ್ಮಿದರು. ಹೌದೆಂದರೆ ಗಂಡ ಬದುಕಿದ್ದಾಗಲೇ ವಿಷಯ ತಿಳಿದಿತ್ತೆಂದಾಗಿ, ಮನೆ ಕೈತಪ್ಪಿತೆಂದೇ ಅರ್ಥ. ಈಕೆ ಆ ಹೆಂಗಸಿನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, “ಹೇಳಿದ್ರು ಅಕ್ಕಾ, ಎರಡು ಸಲ,” ಎಂದುಬಿಟ್ಟಳು. ಶುದ್ಧ ಸುಳ್ಳು. ಆತನ ಕೊನೆಯ ಹೊತ್ತಿನಲ್ಲಿ ಹಾಸಿಗೆಯ ಬಳಿ ನಾನೂ ಇದ್ದೆ. ಆತ ಕೇಳಿದ್ದು ಕನ್ನಡಕವನ್ನು.